ಹನ್ನೊಂದು ವಸ್ತುಗಳ ದೂರು

ಹದಿನೇಳು ವರ್ಷ ನಾಲ್ಕನೇ ತರಗತಿಗೆ ಪಾಠ ಹೇಳಿದ ಶಿಕ್ಷಕಿಯನ್ನು ಶಿಶುವರ್ಗಕ್ಕೆ ಕಳುಹಿಸುವುದು ಬಡ್ತಿಯೋ ಶಿಕ್ಷೆಯೋ ಎಂಬುದನ್ನು ಶಾಲೆಯ ಆಡಳಿತ ಮಂಡಳಿ ತನ್ನ ಆದೇಶದಲ್ಲಿ ತಿಳಿಸಿರಲಿಲ್ಲ. ಮಕ್ಕಳ ಸಂಖ್ಯೆ ಇಳಿದಿರುವುದರಿಂದ ನಾಲ್ಕನೆಯದರ ಎರಡು ವಿಭಾಗಗಳನ್ನು ಒಂದು ಮಾಡಲಾಗಿದೆ, ತಾವು ಹೊಸ ವರ್ಷದಿಂದ ಶಿಶುವರ್ಗವನ್ನು ವಹಿಸಿಕೊಳ್ಳತಕ್ಕದ್ದು ಎಂದಷ್ಟೇ ಅದರಲ್ಲಿತ್ತು. ಶಾಲೆ ಆಕೆಯನ್ನು ಬೆನ್ನ ಹಿಂದೆ ‘ಗೆರೆ ಟೀಚರ್’ ಎನ್ನುತ್ತಿತ್ತು. ಅಂಚಿನ ಗೆರೆ ಎಳೆಯದ ಪುಸ್ತಕವನ್ನು ಆಕೆ ಕೈಯಿಂದ ಮುಟ್ಟುತ್ತಿರಲಿಲ್ಲ. ಆ ಅಡ್ಡಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಆದೇಶ ಕೈಗೆ ಬಂದ ದಿನವೇ ಆಕೆಯ ಮನಸ್ಸಿನಲ್ಲಿ ಒಂದು ಅನುಮಾನ ಕುಳಿತುಬಿಟ್ಟಿತು. ಇದು ತಾನಾಗಿ ಆದದ್ದಲ್ಲ, ಯಾರೋ ಮಾಡಿಸಿದ್ದು. ಯಾರು ಎಂದು ಗೊತ್ತಿರಲಿಲ್ಲ. ಹೀಗೆ ಆಳು ಸಿಗದ ಅನುಮಾನ ಬಾಡಿಗೆ ಮನೆ ಹುಡುಕುವವರಂತೆ ಬಾಗಿಲು ಬಾಗಿಲಿಗೂ ಹೋಗಿ ಇಣುಕುತ್ತದೆ. ಆಕೆಯದು ಕೊನೆಗೆ ಯಾರ ಮನೆ ಹೊಕ್ಕಿತೆಂಬುದೇ ಈ ಕಥೆ.

ಶಾಲೆ ತೆರೆಯಲು ಒಂದು ವಾರವಿತ್ತು. ಸೋಮವಾರ ಬೆಳಿಗ್ಗೆ ಟೀಚರ್ ಶಿಶುವರ್ಗದ ಕೋಣೆಗೆ ಕಾಲಿಟ್ಟಾಗ ಮೊಣಕಾಲೆತ್ತರದ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಕುಳಿತಿದ್ದವು. ಆಯಾ ನೆಲ ಒರೆಸುತ್ತಿದ್ದಳು. ಇಪ್ಪತ್ತೊಂದು ವರ್ಷದಿಂದ ಇದೇ ಕೋಣೆಯಲ್ಲಿ ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಅಳುವವರನ್ನು ಸೊಂಟದ ಮೇಲೆ ಹೊತ್ತ ಹೆಂಗಸು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಆಯಮ್ಮ. ಓದು ಬರಹ ಅಷ್ಟಕ್ಕಷ್ಟೇ. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು.

ಇಬ್ಬರೂ ಸೇರಿ ಬೀರುಗಳನ್ನು ತೆರೆದರು. ಮರದ ಇಟ್ಟಿಗೆಗಳು, ಒಂದೇ ಬಣ್ಣದ ಮೂರು ಚೆಂಡು, ಕಣ್ಣು ಮುಚ್ಚಿ ತೆರೆಯುವ ಗೊಂಬೆ, ಕೀಲಿ ಕೊಟ್ಟರೆ ಓಡುವ ರೈಲು, ಪುಟ್ಟ ಅಡಿಗೆ ಪಾತ್ರೆಗಳ ಪೆಟ್ಟಿಗೆ, ಡೋಲು, ಮಣಿ, ಮರದ ಪ್ರಾಣಿಗಳ ಬುಟ್ಟಿ, ಜೋಡಿಸುವ ಚಿತ್ರದ ಹಲಗೆ, ಕೈಗೆ ತೊಡುವ ಬಟ್ಟೆ ಗೊಂಬೆಗಳು, ಒಂದು ಕಿವಿ ಸ್ವಲ್ಪ ಜೋತುಬಿದ್ದ ಕಂದು ಕರಡಿ. ಹಿಂದಿನ ಟೀಚರ್ ನಿವೃತ್ತರಾಗಿ ದೂರದ ಮಗಳ ಮನೆ ಸೇರಿದ್ದರು. ಅವರು ಕೂಡಿಸಿಟ್ಟ ಸಂಸಾರವೆಲ್ಲ ಹೊರಗೆ ಬಂತು.

“ಎಲ್ಲಾ ಹೊರಗಿಡ್ತೀರಾ ಮೇಡಂ?” ಎಂದಳು ಆಯಮ್ಮ.

“ಇಡದೆ? ಮಕ್ಕಳಿಗೆ ತಂದಿದ್ದು ತಾನೇ, ಬೀರುವಿಗಲ್ಲವಲ್ಲ.”

“ಇಡಿ ಇಡಿ. ಒಂದ್ಸಲ ಎಲ್ಲಾ ಹೊರಗೆ ಬರ್ಲೇಬೇಕು,” ಎಂದು ಆಯಮ್ಮ ಬಟ್ಟೆ ಹಿಂಡಿದಳು.

ಸಂಜೆಯ ಹೊತ್ತಿಗೆ ಕೋಣೆ ಅಂಗಡಿಯ ಗಾಜಿನ ಕಪಾಟಿನಂತೆ ತುಂಬಿ ತುಳುಕಿತು. ಗೋಡೆಗೆ ಮೂರು ಚಿತ್ರಪಟ ಏರಿದವು: ಅಕ್ಷರ, ಹಣ್ಣು, ವಾಹನ. ಟೀಚರ್ ಚೌಕುಳಿ ಹಾಳೆಯ ಮೇಲೆ ಕೋಣೆಯ ನಕ್ಷೆ ಬರೆದು, ಯಾವ ವಸ್ತು ಎಲ್ಲಿ ಎಂದು ಗುರುತು ಹಾಕಿ, ತೃಪ್ತಿಯಿಂದ ಮನೆಗೆ ಹೋದರು.

ಮಂಗಳವಾರ ಬೆಳಿಗ್ಗೆ ಡೋಲು ಇರಲಿಲ್ಲ. ಗೊಂಬೆಯೂ ಇರಲಿಲ್ಲ.

ನಾಲ್ಕನೇ ತರಗತಿಯಲ್ಲಿ ಪೆನ್ಸಿಲು ಕಾಣೆಯಾದಾಗ ಟೀಚರ್ ‘ಯಾರು ತೆಗೆದಿರಿ?’ ಎಂದು ಎಂದೂ ಕೇಳಿದವರಲ್ಲ. ಹಾಗೆ ಕೇಳಿದರೆ ಕದ್ದವನು ಎಚ್ಚೆತ್ತುಕೊಳ್ಳುತ್ತಾನೆ. ಸುತ್ತಿ ಬಳಸಿ ಕೇಳಬೇಕು, ಆಗ ತಾನೇ ಸಿಕ್ಕಿಬೀಳುತ್ತಾನೆ. ಈ ವಿದ್ಯೆಯಿಂದ ಆಕೆ ಹದಿನೇಳು ವರ್ಷದಲ್ಲಿ ಎಷ್ಟೋ ಪೆನ್ಸಿಲುಗಳನ್ನು ಹಿಂದಕ್ಕೆ ಪಡೆದಿದ್ದರು. ಅಷ್ಟು ಮಕ್ಕಳಲ್ಲಿ ಎಷ್ಟು ಮಂದಿ ತೆಗೆಯದ ಪೆನ್ಸಿಲಿಗೆ ತಲೆ ತಗ್ಗಿಸಿದ್ದರೋ, ಅದರ ಲೆಕ್ಕ ಇಟ್ಟವರಿಲ್ಲ.

“ಆಯಮ್ಮ, ನಿನ್ನೆ ನಾನು ಹೋದ್ಮೇಲೆ ಇಲ್ಲಿಗೆ ಯಾರಾದ್ರೂ ಬಂದಿದ್ರಾ?”

“ಯಾರ್ ಬರ್ತಾರೆ ಮೇಡಂ? ನಾನೊಬ್ಳೇ. ಕಪಾಟು ಒರೆಸಿ, ಕಸ ಹೊಡೆದು ಹೋದೆ.”

“ಬಾಗಿಲು?”

“ನಾನೇ ಹಾಕ್ದೆ. ಯಾಕೆ, ಧೂಳು ಉಳಿದಿದ್ಯಾ?”

“ಇಲ್ಲ, ಸುಮ್ನೆ ಕೇಳ್ದೆ.”

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಇಷ್ಟು ಸಲೀಸಾಗಿ ಉತ್ತರ ಕೊಡುವವರು ಒಂದೋ ನಿರಪರಾಧಿಗಳು, ಇಲ್ಲವೇ ನುರಿತವರು ಎಂದುಕೊಂಡರು ಟೀಚರ್. ಮೊದಲನೆಯದನ್ನು ಅಲ್ಲಿಗೇ ಬಿಟ್ಟು ಎರಡನೆಯದನ್ನು ಕೈಗೆತ್ತಿಕೊಂಡರು. ಅಂದು ಸಂಜೆ ಕೋಣೆಯ ನಾಲ್ಕೂ ಮೂಲೆಯ ಫೋಟೋ ಫೋನಿನಲ್ಲಿ ತೆಗೆದರು. ಅಷ್ಟಕ್ಕೇ ನಿಲ್ಲದೆ, ಹೊಸ ಬಣ್ಣದ ಪೆನ್ಸಿಲುಗಳ ಡಬ್ಬಿಯೊಂದನ್ನು ಮೇಜಿನ ಅಂಚಿಗೆ, ಕಣ್ಣಿಗೆ ಹೊಡೆಯುವಂತೆ ಇಟ್ಟು ಹೋದರು.

ಬುಧವಾರ ಬೆಳಿಗ್ಗೆ ಡಬ್ಬಿ ಇಟ್ಟಲ್ಲೇ ಇತ್ತು. ಅದರ ಬದಲು ಬೇರೆ ಐದು ಹೋಗಿದ್ದವು: ಅಡಿಗೆ ಪಾತ್ರೆಗಳ ಪೆಟ್ಟಿಗೆ, ರೈಲು, ಜೋಡಿಸುವ ದೊಡ್ಡ ಚಿತ್ರದ ಹಲಗೆ, ಗೋಡೆಯ ಮೇಲಿನ ಅಕ್ಷರಪಟ, ವಾಹನಪಟ. ಉಳಿದದ್ದು ಏನು? ಮೂರು ಸಾದಾ ಚೆಂಡು, ಬಣ್ಣ ಮಾಸಿದ ಇಟ್ಟಿಗೆಗಳು, ಹಣ್ಣಿನ ಪಟ, ಕಿವಿ ಜೋತ ಕರಡಿ, ಇನ್ನಷ್ಟು ಸಣ್ಣಪುಟ್ಟವು. ಟೀಚರಿಗೆ ಮೈ ಉರಿಯಿತು. ಕಳ್ಳತನವಾದರೂ ಸರಿ, ಅದರಲ್ಲೂ ಇಷ್ಟು ರಸಿಕತೆಯೇ! ಒಳ್ಳೊಳ್ಳೆಯದನ್ನೇ ಆರಿಸಿಕೊಂಡು, ಬೇಡದ್ದನ್ನು ಮಕ್ಕಳ ಪಾಲಿಗೆ ಬಿಟ್ಟಿರುವುದು! ಡಬ್ಬಿಯನ್ನು ಮುಟ್ಟದೇ ಇದ್ದದ್ದಂತೂ ಆಕೆಯ ಕಣ್ಣಿಗೆ ದೊಡ್ಡ ಸಾಕ್ಷಿಯಾಯಿತು. ಬಲೆ ಎಂದು ಗೊತ್ತಾಗುವುದು ಬಲೆಗೆ ಹೆದರುವವರಿಗೇ ತಾನೇ? ಡಬ್ಬಿ ಮಾಯವಾಗಿದ್ದರೂ ಅದೇ ಕೈಯ ಕಡೆಗೇ ಬೆರಳು ಹೋಗುತ್ತಿತ್ತು ಎಂಬುದು ಆಕೆಗೆ ಹೊಳೆಯಲಿಲ್ಲ.

ಹಗಲೆಲ್ಲ ಟೀಚರ್ ಒಂದು ಕೈಯಲ್ಲಿ ಮಕ್ಕಳು ಚೀಲ ನೇತುಹಾಕುವ ಕೊಕ್ಕೆಗಳಿಗೆ ಚಿತ್ರ ಅಂಟಿಸುತ್ತ, ಎರಡು ಕಣ್ಣನ್ನೂ ಆಯಮ್ಮನ ಮೇಲೆ ನೆಟ್ಟಿದ್ದರು. ಓದಲು ಬಾರದ ಮಕ್ಕಳಿಗೆ ತಮ್ಮ ಕೊಕ್ಕೆ ತಿಳಿಯಲೆಂದು ಒಬ್ಬರಿಗೆ ಮೀನು, ಒಬ್ಬರಿಗೆ ಛತ್ರಿ, ಒಬ್ಬರಿಗೆ ಏಣಿ. ಆಯಮ್ಮ ಎರಡು ಸಲ ಹೊರಗೆ ಹೋದಳು. ಎರಡು ಸಲವೂ ಮಹಡಿ ಮೆಟ್ಟಿಲ ಕೆಳಗಿನ ಗೂಡಿನ ಬೀಗ ತೆಗೆದ ಸದ್ದು ಕೇಳಿಸಿತು.

“ಮೊಮ್ಮಗಳು ಹೇಗಿದಾಳೆ ಆಯಮ್ಮ?” ಟೀಚರ್ ಧ್ವನಿಗೆ ಸಕ್ಕರೆ ಸವರಿದರು.

“ಅಯ್ಯೋ, ಅವಳ ವಿಷಯ ಕೇಳ್ಬೇಡಿ. ಮೊನ್ನೆ ಮೂರು ತುಂಬ್ತು. ಕಣ್ಣಿಗೆ ಬಿದ್ದಿದ್ದೆಲ್ಲ ‘ನಂದು’ ಅಂತಾಳೆ. ಅವರಪ್ಪನ ಮೀಸೆನೂ ಅವಳದಂತೆ!” ಆಯಮ್ಮ ಮೈ ಕುಲುಕಿ ನಕ್ಕಳು.

ಟೀಚರ್ ನಗಲಿಲ್ಲ. ಮೂರು ವರ್ಷ. ಗೊಂಬೆ. ಅಡಿಗೆ ಪಾತ್ರೆ. ರೈಲು. ಒಂದಕ್ಕೊಂದು ತಾಳೆಯಾಗುತ್ತಿತ್ತು.

ಅಂದು ಸಂಜೆ ಆಕೆ ಮನೆಗೆ ಹೊರಟಂತೆ ಮಾಡಿ, ರಸ್ತೆಯಾಚೆಯ ಬಸ್ ನಿಲ್ದಾಣದ ಕಂಬದ ಮರೆಗೆ ನಿಂತರು. ಇಷ್ಟು ವಯಸ್ಸಿಗೆ ಕಂಬದ ಹಿಂದೆ ನಿಲ್ಲಬೇಕಾಯಿತಲ್ಲ ಎಂದು ಒಮ್ಮೆ ನಾಚಿಕೆಯಾಯಿತು. ನ್ಯಾಯಕ್ಕಾಗಿ ತಾನೇ ಎಂದುಕೊಂಡದ್ದೇ ಆ ನಾಚಿಕೆಯೂ ಓಡಿಹೋಯಿತು. ಅರ್ಧ ಗಂಟೆಯ ಮೇಲೆ ಆಯಮ್ಮ ಗೇಟು ದಾಟಿ ಬಂದಳು. ಹೆಗಲಲ್ಲಿ ದೊಡ್ಡ ಬಟ್ಟೆ ಚೀಲ. ಅದರ ಬಾಯಿಂದ ಜೋತುಬಿದ್ದ ಒಂದು ಕಂದು ಕಿವಿ ಹೊರಗೆ ಇಣುಕುತ್ತಿತ್ತು.

ಟೀಚರ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸದವರು. ನಿಧಾನದ ಮನುಷ್ಯ. ಊಟಕ್ಕೆ ಕುಳಿತಾಗ ಹೆಂಡತಿ ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದರು. ಆತ ತುತ್ತು ನುಂಗಿ, “ಅವರನ್ನೇ ಕೇಳ್ದ್ಯಾ?” ಎಂದರು.

“ಕೇಳಿದ್ರೆ ‘ಹೌದಮ್ಮ, ಕದ್ದೆ’ ಅಂತಾರೇನ್ರೀ?”

“ಕದ್ದಿರಾ ಅಂತ ಯಾಕೆ ಕೇಳ್ತೀಯ? ಡೋಲು ಎಲ್ಲಿ ಅಂತ ಕೇಳೋದಪ್ಪ. ಎರಡೇ ಮಾತು.”

“ನಿಮಗೆ ಎಲ್ಲರೂ ಒಳ್ಳೆಯವರೇ. ನಿಮ್ಮ ಅಂಗಡಿ ಮುಂದೆ ಚಪ್ಪಲಿ ಕಳ್ಕೊಂಡು ಬರಿಗಾಲಲ್ಲಿ ಬಂದವರು ನೀವೇ ಅಲ್ವಾ?”

“ಚಪ್ಪಲಿ ಹೋಯ್ತು, ನಿದ್ದೆ ಹೋಗ್ಲಿಲ್ಲ,” ಎಂದು ಆತ ತಟ್ಟೆಯ ಕಡೆ ತಿರುಗಿದರು. “ನಿನ್ನದು ಎರಡು ದಿನದಿಂದ ಹೋಗಿದೆ ನೋಡು.”

ಗುರುವಾರ ಬೆಳಿಗ್ಗೆ ಕರಡಿಯೊಂದಿಗೆ ಮಣಿಗಳ ಡಬ್ಬಿ, ಮರದ ಪ್ರಾಣಿಗಳ ಬುಟ್ಟಿ, ಬಟ್ಟೆ ಗೊಂಬೆಗಳೂ ಇರಲಿಲ್ಲ. ಒಟ್ಟು ಹನ್ನೊಂದು. ಕೋಣೆ ಬಾಡಿಗೆದಾರರು ಬಿಟ್ಟುಹೋದ ಮನೆಯಂತೆ ಬೋಳಾಗಿತ್ತು. ಟೀಚರ್ ನೇರ ಮುಖ್ಯೋಪಾಧ್ಯಾಯರ ಕೊಠಡಿಗೆ ನಡೆದರು.

ಹೆಡ್‌ಸಾರ್ ಪೆನ್ಸಿಲು ಹೆರೆಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಬೇಸರಪಡಲಿಲ್ಲ, ಆಶ್ಚರ್ಯಪಡಲಿಲ್ಲ, ಆಯಮ್ಮನನ್ನು ಕರೆಸಲೂ ಇಲ್ಲ.

“ಬರೆದು ಕೊಡಿ ಮೇಡಂ. ನಿಮ್ಮ ಕೈಬರಹಕ್ಕೆ ಒಂದು ತೂಕ ಇದೆ. ಶನಿವಾರ ಮಂಡಳಿ ಕಾರ್ಯದರ್ಶಿಗಳು ಬರ್ತಾರೆ, ಅವರ ಮುಂದಿಡ್ತೀನಿ. ಹೇಗೂ ಸೋಮವಾರದಿಂದ ಸ್ವಚ್ಛತೆ ಕೆಲಸವನ್ನ ಗುತ್ತಿಗೆಯವರಿಗೆ ಕೊಡೋಣ ಅಂತ ನನ್ನ ಆಲೋಚನೆ. ಆಯಮ್ಮ ಹಳಬರು, ಸುಮ್ಮನೆ ಕಳಿಸೋಕೆ ಆಗಲ್ಲ ನೋಡಿ. ಕಾರಣ ಬೇಕು.”

ಆ ‘ಕಾರಣ ಬೇಕು’ ಎಂಬ ಮಾತಿಗೆ ಟೀಚರ್ ಬೆಚ್ಚಬೇಕಿತ್ತು. ವಾರವಿಡೀ ಪ್ರತಿಯೊಂದರ ಮೇಲೂ ಅನುಮಾನಪಟ್ಟವರು, ಪಡಬೇಕಾದ ಒಂದೇ ಒಂದು ಕಡೆ ಪಡಲಿಲ್ಲ. ಹೊಗಳಿಕೆ ಬಿದ್ದಲ್ಲಿ ಅನುಮಾನ ಹುಟ್ಟುವುದು ಕಷ್ಟ. ಅವರು ಕುಳಿತರು, ಅಂಚಿನ ಗೆರೆ ಎಳೆದರು, ಹನ್ನೊಂದು ವಸ್ತುಗಳನ್ನೂ ಕ್ರಮಸಂಖ್ಯೆ ಹಾಕಿ, ದಿನಾಂಕ ನಮೂದಿಸಿ, ಒಂದು ಅಕ್ಷರವೂ ಹೊಡೆದುಹಾಕದೆ ದೂರು ಬರೆದರು. ನಕಲನ್ನು ತಮ್ಮ ಕಡತದಲ್ಲಿ ಇಟ್ಟುಕೊಂಡರು.

ಶುಕ್ರವಾರ ಹೊಸ ಮಕ್ಕಳು ಅಪ್ಪ ಅಮ್ಮನ ಜೊತೆ ಬಂದು ಒಂದು ಗಂಟೆ ಕೋಣೆಯಲ್ಲಿ ಇದ್ದು ಹೋಗುವ ದಿನ. ಬೆಳಿಗ್ಗೆ ಬೇಗ ಬಂದ ಟೀಚರಿಗೆ ಮೊದಲು ಕಂಡದ್ದು ಕರಡಿ. ಮೂಲೆಯ ಚಾಪೆಯ ಮೇಲೆ, ತೊಳೆದು ಒಣಗಿ ಉಬ್ಬಿಕೊಂಡು, ಜೋತಿದ್ದ ಕಿವಿಗೆ ಹೊಸ ಹೊಲಿಗೆ ಬಿದ್ದು, ಸೋಪಿನ ವಾಸನೆ ಬೀರುತ್ತ ಕುಳಿತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಂತು ಯೋಚಿಸುತ್ತಿದ್ದರು. ಟೀಚರ ಅನುಮಾನಕ್ಕೆ ಅಷ್ಟರಲ್ಲಿ ಚೆನ್ನಾಗಿ ಹಲ್ಲು ಬಂದಿತ್ತು. ಅದು ಕರಡಿಯನ್ನೂ ಅಗಿದು ನುಂಗಿತು. ‘ದೂರಿನ ಸುದ್ದಿ ಸೋರಿದೆ. ಹೆದರಿ ಒಂದನ್ನು ವಾಪಸು ತಂದಿದ್ದಾಳೆ.’

ಪೋಷಕರ ಮುಂದೆ ಬೋಳು ಕೋಣೆ ತೋರಿಸುವುದು ಹೇಗೆ? ಟೀಚರ್ ಮೇಲಿನ ತರಗತಿಗಳಿಗೆ ಓಡಾಡಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದರು: ಶಾಲೆಯ ಬ್ಯಾಂಡಿನ ಡ್ರಮ್ಮು, ಎರಡು ಗಂಟೆ, ಒಂದೇ ಒಂದು ಮೂರು ಚಕ್ರದ ಸೈಕಲ್ಲು, ಗೋಳ, ಬಣ್ಣಗಳು, ಏಳೆಂಟು ಚಿತ್ರಪಟ. ಬಾಗಿಲಲ್ಲಿ ನಿಂತಿದ್ದ ಆಯಮ್ಮನ ಹುಬ್ಬು ಮೇಲೇರಿತು.

“ಇದೆಲ್ಲಾ ಇವತ್ತಿಗಾ ಮೇಡಂ?”

“ಯಾಕೆ, ಇದೂ ಹೆಚ್ಚಾಯ್ತಾ?” ಎಂದರು ಟೀಚರ್, ಮಾತನ್ನು ಚುಚ್ಚಿ.

ಆಯಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಒಂಬತ್ತು ಮಕ್ಕಳು ಒಳಗೆ ಬಂದವು. ಮೊದಲ ಐದು ನಿಮಿಷ ಕಣ್ಣರಳಿಸಿ ನಿಂತವು. ಆರನೆಯ ನಿಮಿಷಕ್ಕೆ ಡ್ರಮ್ಮು ಒಬ್ಬನ ಕೈಗೆ ಸಿಕ್ಕಿತು. ಏಳನೆಯದಕ್ಕೆ ಸೈಕಲ್ಲಿಗೆ ನಾಲ್ವರು ಜೋತುಬಿದ್ದರು. ಒಬ್ಬ ಗೋಳವನ್ನು ಚೆಂಡೆಂದು ಒದ್ದ. ಒಬ್ಬಳು ಇದನ್ನು ಮುಟ್ಟಿ ಅದನ್ನು ಬಿಟ್ಟು, ಅದನ್ನು ಮುಟ್ಟಿ ಇನ್ನೊಂದನ್ನು ಬಿಟ್ಟು, ಕೊನೆಗೆ ಯಾವುದೂ ಬೇಡವಾಗಿ ನೆಲಕ್ಕೆ ಬಿದ್ದು ಹೊರಳಾಡಿದಳು. ಒಂದು ಅಳು ಇನ್ನೊಂದಕ್ಕೆ ಹತ್ತಿಕೊಂಡಿತು. ಎರಡು ಜುಟ್ಟಿನ ಪುಟ್ಟಿಯೊಂದು ಮೇಜಿನ ಕೆಳಗೆ ನುಗ್ಗಿ, ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ಕಣ್ಣು ಬಿಟ್ಟುಕೊಂಡು ಕುಳಿತಿತು. ಕಿಟಕಿಯ ಆಚೆ ಅಪ್ಪ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಸಾಲಾಗಿ ನಿಂತ್ಕೊಳ್ಳಿ! ಸಾಲು!” ಎಂದು ಟೀಚರ್ ಕೂಗಿದರು. ಸಾಲು ಎಂದರೇನೆಂದು ಆ ಒಂಬತ್ತರಲ್ಲಿ ಒಂದಕ್ಕೂ ಗೊತ್ತಿರಲಿಲ್ಲ.

ಆಯಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. “ತೆಗೀಲಾ ಮೇಡಂ?”

ಟೀಚರ್ ಸೋತು ತಲೆಯಾಡಿಸಿದರು.

ಆಕೆ ಅವಸರಪಡಲಿಲ್ಲ. ಮಕ್ಕಳ ನಡುವೆ ಮೊಣಕಾಲಲ್ಲೇ ನಡೆಯುತ್ತ, ಯಾರ ಕೈಯಿಂದಲೂ ಕಿತ್ತುಕೊಳ್ಳದೆ, ಬಿಟ್ಟ ವಸ್ತುವನ್ನು ಬಿಟ್ಟ ಕ್ಷಣವೇ ಎತ್ತಿ ಹೊರಗೆ ಸಾಗಿಸುತ್ತ ಹೋದಳು. ಡ್ರಮ್ಮಿನವನ ಮುಂದೆ ಒಂದು ಚೆಂಡು ಉರುಳಿಸಿದಳು. ಅವನು ಚೆಂಡಿನ ಹಿಂದೆ ಹೋದ, ಡ್ರಮ್ಮು ಬಾಗಿಲಾಚೆ ಹೋಯಿತು. ಇನ್ನಿಬ್ಬರು ಚೆಂಡು ಬೇಕೆಂದರು; ಅದೇ ಬಣ್ಣದ ಎರಡು ಚೆಂಡು ಬಂದವು, ಜಗಳಕ್ಕೆ ಜಾಗವೇ ಉಳಿಯಲಿಲ್ಲ. ಹತ್ತು ನಿಮಿಷದಲ್ಲಿ ಕೋಣೆಯಲ್ಲಿ ಇಟ್ಟಿಗೆ, ಚೆಂಡು, ಕರಡಿ ಮತ್ತು ಹಣ್ಣಿನ ಪಟ ಮಾತ್ರ ಉಳಿದವು. ಇಟ್ಟಿಗೆಯ ಮೇಲೆ ಇಟ್ಟಿಗೆ ಕೂರುವ ಸದ್ದು ಕೇಳಿಸತೊಡಗಿತು. ಮೇಜಿನ ಕೆಳಗಿನ ಪುಟ್ಟಿ ಒಂದು ಕಿವಿಯಿಂದ ಕೈ ತೆಗೆಯಿತು, ಆಮೇಲೆ ಇನ್ನೊಂದರಿಂದ, ಆಮೇಲೆ ತೆವಳಿ ಬಂದು ಕರಡಿಯ ಹೊಟ್ಟೆಗೆ ಮುಖ ಒತ್ತಿತು.

ಮಕ್ಕಳು ಹೊರಟುಹೋದ ಮೇಲೆ ಟೀಚರ್ ಐದು ದಿನದಲ್ಲಿ ಮೊದಲ ಬಾರಿಗೆ ನೇರವಾದ ಪ್ರಶ್ನೆ ಕೇಳಿದರು.

“ಆಯಮ್ಮ, ಡೋಲು ಎಲ್ಲಿದೆ?”

“ಗೂಡಲ್ಲಿ. ಇನ್ನೆಲ್ಲಿರತ್ತೆ?” ಆಯಮ್ಮ ಸೊಂಟದ ಗೊಂಚಲು ಬಿಚ್ಚಿದಳು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹತ್ತೂ ವಸ್ತುಗಳು ಶುಭ್ರವಾದ ಬಟ್ಟೆಯ ಮೇಲೆ ಸಾಲಾಗಿದ್ದವು. ಪ್ರತಿಯೊಂದಕ್ಕೂ ಒಂದು ತುಂಡು ಲಾಡಿ, ಲಾಡಿಯಲ್ಲಿ ಗಂಟುಗಳು. ಪ್ರಾಣಿಗಳ ಬುಟ್ಟಿಗೆ ಎರಡು, ಗೊಂಬೆಗೆ ಐದು, ಡೋಲಿಗೆ ಒಂಬತ್ತು.

“ಎರಡು ಗಂಟು ಅಂದ್ರೆ ಎರಡನೇ ವಾರಕ್ಕೆ ಹೊರಗೆ,” ಎಂದಳು ಆಯಮ್ಮ. “ಮೊದಲ ದಿನ ಕೋಣೆ ತುಂಬಿದ್ರೆ ಮಕ್ಕಳಿಗೆ ದಿಕ್ಕು ತಪ್ಪತ್ತೆ. ಮೊದ್ಲು ಕೋಣೆ ಅಭ್ಯಾಸ ಆಗ್ಬೇಕು, ಆಮೇಲೆ ನಾವು, ಆಮೇಲೆ ಒಂದೊಂದೇ ಸಾಮಾನು. ಡೋಲು ಒಂಬತ್ತನೇ ವಾರ. ಅಷ್ಟರಲ್ಲಿ ಎಲ್ಲಾ ಅಳು ನಿಲ್ಲಿಸಿರ್ತಾವೆ, ನಮ್ಮ ಕಿವಿನೂ ಗಟ್ಟಿ ಆಗಿರತ್ತೆ. ನಿಮ್ಮ ಹಿಂದಿನ ಟೀಚರ್ ಸೋಮವಾರ ಎಲ್ಲಾ ಹೊರಗಿಟ್ಟು ಮುರಿದಿದ್ಯಾ ನೋಡೋರು. ನಾನು ಒರೆಸ್ತಾ ಒರೆಸ್ತಾ ದಿನಕ್ಕಿಷ್ಟು ಅಂತ ಒಳಗಿಡ್ತಿದ್ದೆ. ನೀವೂ ಹಾಗೇ ಎಲ್ಲಾ ಹೊರಗಿಟ್ರಿ. ಗೊತ್ತಿದೆ ನಿಮಗೆ ಅಂದ್ಕೊಂಡೆ. ದಿನಾ ಫೋಟೋ ಬೇರೆ ತೆಗೀತಿದ್ರಿ, ಮುಂದಿನ ವರ್ಷದ ನೆನಪಿಗೆ ಅಂತ ಖುಷಿಪಟ್ಟೆ.”

ಟೀಚರ್ ಹೆಡ್‌ಸಾರ್ ಕೊಠಡಿಗೆ ಓಡಿದರು.

“ಸಾರ್, ಆ ಪತ್ರ ವಾಪಸ್ ಕೊಡಿ. ಒಂದೂ ಕಳುವಾಗಿಲ್ಲ. ಎಲ್ಲಾ ಗೂಡಲ್ಲಿದೆ.”

“ಕೊಟ್ಟ ಪತ್ರ ವಾಪಸ್ ತಗೊಳ್ಳೋಕೆ ಇದೇನು ಮಕ್ಕಳಾಟವೇ ಮೇಡಂ? ಕಾರ್ಯದರ್ಶಿಗಳಿಗೆ ಆಗಲೇ ಕಳಿಸಿಯಾಯ್ತು.”

ಆತನ ಬೆನ್ನ ಹಿಂದಿನ ಹಲಗೆಯ ಮೇಲೆ ಶಾಲೆಯ ಎಲ್ಲ ಬೀಗಗಳ ಎರಡನೆಯ ಕೈಗಳು ನೇತಾಡುತ್ತಿದ್ದವು. ಒಂದರ ಚೀಟಿಯ ಮೇಲೆ ಹೆಡ್‌ಸಾರ್ ಅವರದೇ ಓರೆ ಅಕ್ಷರ: ‘ಮೆಟ್ಟಿಲ ಗೂಡು, ಶಿಶುವರ್ಗದ ಆಟಿಕೆ.’

“ನಿಮಗೆ ಗೊತ್ತಿತ್ತು,” ಎಂದರು ಟೀಚರ್.

“ನಾನು ನಿಮಗೆ ಒಂದಕ್ಷರ ಹೇಳಿಕೊಟ್ಟೆನಾ? ಬರೆದಿದ್ದೆಲ್ಲ ನಿಮ್ಮದೇ ಅಲ್ವಾ?” ಹೆಡ್‌ಸಾರ್ ಪೆನ್ಸಿಲಿನ ಮೊನೆಯನ್ನು ಊದಿದರು. “ನೋಡಿ, ಸುಮ್ಮನಿದ್ದುಬಿಡಿ. ಮುಂದಿನ ವರ್ಷ ನಾಲ್ಕನೇದು ಮತ್ತೆ ಎರಡು ವಿಭಾಗ ಆಗಬಹುದು. ಆಗ ನಿಮ್ಮ ಹೆಸರು ಹೇಳೋದು ನಾನೇ.”

ಆ ಮನುಷ್ಯನ ಮೇಲೆ ಉಕ್ಕಿಬಂದ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಹಿಂದೆ ಅಡಗಿಕೊಳ್ಳಲು ಟೀಚರಿಗೆ ಜಾಗ ಸಿಗಲಿಲ್ಲ, ಏಕೆಂದರೆ ಆತ ಹೇಳಿದ ಒಂದು ಮಾತು ನಿಜವಾಗಿತ್ತು: ಬರೆದದ್ದೆಲ್ಲ ಆಕೆಯದೇ.

ಆಯಮ್ಮ ಕೋಣೆಯಲ್ಲಿ ಇಟ್ಟಿಗೆಗಳನ್ನು ಒರೆಸಿ ಬುಟ್ಟಿಗೆ ತುಂಬುತ್ತಿದ್ದಳು. ಟೀಚರ್ ಬಾಗಿಲು ಮುಂದೆ ಮಾಡಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು: ನಕ್ಷೆ, ಡಬ್ಬಿ, ಬಸ್ ನಿಲ್ದಾಣದ ಕಂಬ, ದೂರು. ಆಯಮ್ಮನ ಕೈಯಲ್ಲಿದ್ದ ಇಟ್ಟಿಗೆ ಅಲ್ಲೇ ನಿಂತಿತು.

“ಆ ಕಾಗದ ಇದ್ಯಾ?”

“ನಕಲು ಇದೆ.”

“ಓದಿ.”

“ಆಯಮ್ಮ, ಅದು ಬೇಡ...”

“ನನ್ನ ವಿಷಯ ಬರ್ದಿರೋದು ಎಲ್ಲರೂ ಓದ್ತಾರೆ, ನಾನೊಬ್ಳು ಕೇಳಬಾರ್ದಾ? ಓದಿ ಮೇಡಂ.”

ಟೀಚರ್ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಳಿತು ಓದಿದರು. ಹನ್ನೊಂದೂ ವಸ್ತುಗಳನ್ನು ಓದಿದರು. ಪ್ರತಿಯೊಂದನ್ನು ಕೇಳಿದಾಗಲೂ ಆಯಮ್ಮ ತಲೆಯಾಡಿಸಿದಳು. ಪಟ್ಟಿ ಸರಿಯಾಗಿಯೇ ಇತ್ತು. ಕೊನೆಯ ಸಾಲುಗಳು ಹೀಗಿದ್ದವು: “ಈಕೆಯು ತನ್ನ ವಶದಲ್ಲಿರುವ ಬೀಗದ ಕೈಯನ್ನು ಸ್ವಾರ್ಥಕ್ಕೆ ಬಳಸಿಕೊಂಡಿರುವುದು ಮೇಲ್ಕಂಡದ್ದರಿಂದ ಸ್ಪಷ್ಟವಾಗುತ್ತದೆ. ಎಳೆಯ ಮಕ್ಕಳ ನಡುವೆ ಇರಲು ಈಕೆ ಅರ್ಹಳಲ್ಲ.”

“ಆ ಕೊನೇದು ಇನ್ನೊಂದ್ಸಲ.”

ಟೀಚರ್ ಇನ್ನೊಮ್ಮೆ ಓದಿದರು.

“ಚೆನ್ನಾಗಿ ಬರ್ದಿದೀರಿ,” ಎಂದಳು ಆಯಮ್ಮ. “ಇಪ್ಪತ್ತೊಂದು ವರ್ಷ ಇಲ್ಲಿದೀನಿ. ನನ್ನ ವಿಷಯ ಯಾರೂ ಇಷ್ಟುದ್ದ ಬರ್ದಿರಲಿಲ್ಲ.”

ಆಕೆ ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಟೀಚರಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ಉಪಕಾರವನ್ನು ಆಕೆ ಮಾಡಲಿಲ್ಲ.

ಟೀಚರ್ ಅಲ್ಲೇ ಮಕ್ಕಳ ಮೇಜಿನ ಮೇಲೆ ಬಗ್ಗಿ ಇನ್ನೊಂದು ಪತ್ರ ಬರೆದು, ಕೇಳುವ ಮೊದಲೇ ಓದಿ ಹೇಳಿದರು: “ತಪ್ಪು ಗ್ರಹಿಕೆಯಿಂದಾಗಿ ಸದರಿ ದೂರು ಸಲ್ಲಿಕೆಯಾಗಿದ್ದು, ಅದನ್ನು ಪರಿಗಣಿಸಬಾರದಾಗಿ ವಿನಂತಿ.”

“ತಪ್ಪು ಗ್ರಹಿಕೆ ಅಂದ್ರೆ?”

“ಒಂದನ್ನ ಇನ್ನೊಂದು ಅಂತ ತಿಳ್ಕೊಳ್ಳೋದು.”

“ತಿಳ್ಕೊಂಡಿದ್ದು ಯಾರು?”

“ನಾನು.”

“ಇದ್ರಲ್ಲಿ ನೀವು ಎಲ್ಲಿದೀರಿ ಮೇಡಂ? ಆ ಕಾಗದದಲ್ಲಿ ನಾನು ಸಾಲು ಸಾಲಿಗೂ ಇದ್ದೆ.”

ಟೀಚರ್ ಹಾಳೆಯನ್ನು ನೋಡಿದರು. ಹದಿನೇಳು ವರ್ಷ ಮಕ್ಕಳ ತಪ್ಪಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ ಕೈ, ತನ್ನ ತಪ್ಪಿನ ಮುಂದೆ ಎಷ್ಟು ನಾಜೂಕಾಗಿ ನುಣುಚಿಕೊಂಡಿತ್ತು! ಅದನ್ನು ಹರಿದು ಹಾಕಿ ಮತ್ತೆ ಬರೆದರು. “ನಾನು ಆಯಮ್ಮನವರನ್ನು ಒಂದು ಮಾತೂ ಕೇಳದೆ ಅವರನ್ನು ಕಳ್ಳಿ ಎಂದು ಬರೆದೆ. ಒಂದು ವಸ್ತುವೂ ಕಳುವಾಗಿಲ್ಲ. ಅವರು ಮಾಡಿದ್ದು ಕೋಣೆಯನ್ನು ಮಕ್ಕಳಿಗಾಗಿ ಸಿದ್ಧಪಡಿಸುವ ಕೆಲಸ. ನನಗೆ ಆ ಕೆಲಸ ಗೊತ್ತಿರಲಿಲ್ಲ.”

“ಹ್ಞೂಂ,” ಎಂದಳು ಆಯಮ್ಮ. “ಇದು ಸರಿ.” ಇಟ್ಟಿಗೆಯನ್ನು ಬುಟ್ಟಿಗೆ ಹಾಕಿದಳು.

ಶನಿವಾರ ಬಂದ ಕಾರ್ಯದರ್ಶಿ ಔಷಧದ ಅಂಗಡಿ ನಡೆಸುವ ಹಿರಿಯರು. ಯಾವುದನ್ನೂ ಎರಡು ಸಲ ಓದದೆ ಕೈಯಿಂದ ಬಿಡದವರು. ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡರು.

“ಟೀಚರ್ ಯಾವುದೋ ಒತ್ತಡಕ್ಕೆ ಬಿದ್ದು ಎರಡನೆಯದು ಬರೆದಿದ್ದಾರೆ,” ಎಂದರು ಹೆಡ್‌ಸಾರ್.

“ಯಾರ ಒತ್ತಡವೂ ಇಲ್ಲ ಸಾರ್,” ಎಂದರು ಟೀಚರ್. “ಮೊದಲನೆಯದೂ ನನ್ನದೇ, ಇದೂ ನನ್ನದೇ. ಗೂಡು ಇಲ್ಲೇ ಹತ್ತು ಹೆಜ್ಜೆ. ಅದರ ಎರಡನೇ ಕೈ ಹೆಡ್‌ಸಾರ್ ಬೆನ್ನ ಹಿಂದೆಯೇ ಇದೆ. ಬೇಕಾದ್ರೆ ಚೀಟಿ ಓದಿ.”

ಕಾರ್ಯದರ್ಶಿ ಎದ್ದು ಚೀಟಿ ಓದಿದರು, ಹೋಗಿ ಗೂಡು ನೋಡಿದರು, ಬಂದು ಕುಳಿತರು. ಆಯಮ್ಮ ಕೆಲಸದಲ್ಲಿ ಮುಂದುವರಿಯತಕ್ಕದ್ದು ಎಂದು ಬರೆದರು. ಸುಳ್ಳು ದೂರು ಕೊಟ್ಟದ್ದಕ್ಕೆ ಟೀಚರಿಗೆ ಮೆಮೊ, ಅದು ಸೇವಾ ಪುಸ್ತಕದಲ್ಲಿ ಉಳಿಯುತ್ತದೆ. ನಾಲ್ಕನೇ ತರಗತಿಯ ಮಾತನ್ನು ಇನ್ನು ಮುಂದೆ ಎತ್ತುವಂತಿಲ್ಲ. ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡಿದ್ದವರಿಗೆ ಮಾತ್ರ ಏನೂ ಆಗಲಿಲ್ಲ. ಕೇಳದೆ ಬರೆದವರಿಗೆ ಶಿಕ್ಷೆ ಕೊಡಲು ನಿಯಮವಿತ್ತು. ಗೊತ್ತಿದ್ದೂ ಬರೆಸಿಕೊಂಡವರಿಗೆ ಆ ನಿಯಮ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಇಂಥ ಪುಸ್ತಕಗಳನ್ನು ಯಾರು ಬರೆಯುತ್ತಾರೋ, ಯಾರಿಗಾಗಿ ಬರೆಯುತ್ತಾರೋ, ಓದುಗರೇ ಯೋಚಿಸಬೇಕು.

“ನೀವೇನಾದ್ರೂ ಹೇಳೋದಿದ್ಯಾ?” ಕಾರ್ಯದರ್ಶಿ ಆಯಮ್ಮನ ಕಡೆ ತಿರುಗಿದರು.

“ಸೋಮವಾರ ಮಕ್ಕಳು ಬರ್ತಾವೆ ಸಾರ್. ಇನ್ನೂ ಕಿ‌ಟಕಿ ಒರೆಸಿಲ್ಲ. ಹೋಗ್ಲಾ?”

ಟೀಚರ್ ಮೆಮೊಗೆ ರುಜು ಹಾಕಿ ಕೋಣೆಗೆ ಬಂದಾಗ ಆಯಮ್ಮ ಸ್ಟೂಲು ಹತ್ತಿ ಗಾಜು ಉಜ್ಜುತ್ತಿದ್ದಳು. ಟೀಚರ್ ಇನ್ನೊಂದು ಬಟ್ಟೆ ಒದ್ದೆ ಮಾಡಿಕೊಂಡು ಪಕ್ಕದ ಕಿಟಕಿಗೆ ಹೋದರು. ಒಂದು ಗಾಜನ್ನು ಅಂಚಿನಿಂದ ಅಂಚಿಗೆ ಒರೆಸಿ ಮುಗಿಸಿದರು.

“ಆಯಮ್ಮ,” ಎಂದರು ಟೀಚರ್ ಕೊನೆಗೆ.

ಆಯಮ್ಮ ತಿರುಗಲಿಲ್ಲ. “ಮಕ್ಕಳ ಮುಂದೆ ನಿಮ್ಮನ್ನ ಮೇಡಂ ಅಂತ್ಲೇ ಕರೀತೀನಿ. ನಿಮ್ಮ ಮಾತು ತೆಗೆದುಹಾಕಲ್ಲ. ಆ ಚಿಕ್ಕವಕ್ಕೆ ನಮ್ಮಿಬ್ಬರ ನಡುವಿನದು ಗೊತ್ತಾಗಬಾರ್ದು. ಅದಕ್ಕಿಂತ ಹೆಚ್ಚಿಗೆ ಸದ್ಯಕ್ಕೆ ನನ್ನ ಕೈಲಿ ಆಗಲ್ಲ.”

“ಸರಿ,” ಎಂದರು ಟೀಚರ್.

ಹೊರಗೆ ಬಿಸಿಲು ಏರುತ್ತಿತ್ತು. ಒರೆಸಬೇಕಾದ ಕಿಟಕಿಗಳು ಇನ್ನೂ ನಾಲ್ಕಿದ್ದವು.